ಹುಳಿಪುಡಿಯ ಲೆಕ್ಕಪತ್ರ

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟು ಸಲೀಸಾಗಿ ಆಡುತ್ತಿದ್ದರೆಂದರೆ, ಅದು ಯಾವುದೋ ಶಾಸ್ತ್ರವಾಕ್ಯವೇ ಇರಬೇಕೆಂದು ನಾವು ಹುಡುಗರೆಲ್ಲರೂ ನಂಬಿಕೊಂಡಿದ್ದೆವು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ತೂಕದಲ್ಲಿಯೋ ಮಾತಿನಲ್ಲಿಯೋ ಅಷ್ಟಿಷ್ಟು ಮೋಸಮಾಡದೆ ಅವನ ಸಂಸಾರ ಸಾಗದೆಂಬುದು ಅವರ ಸಿದ್ಧಾಂತ. ಬಸವನಗುಡಿ ಜಯನಗರಗಳ ಮನೆಗಳಲ್ಲಿ ಈ ಸಿದ್ಧಾಂತಕ್ಕೆ ಬಲ ಬರಲು ಇನ್ನೊಂದು ಕಾರಣವೂ ಇತ್ತು. ಸರ್ಕಾರದ ಕಚೇರಿಯಿಂದಲೋ ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ತಿಂಗಳಿಗೊಮ್ಮೆ ತಪ್ಪದೆ ಸಂಬಳ ಬರುತ್ತಿರುವಾಗ ವ್ಯಾಪಾರವನ್ನು ಬೈಯುವುದಕ್ಕೆ ಖರ್ಚೇನೂ ಇರಲಿಲ್ಲ. ಬೈದ ನಾಲಗೆಯಲ್ಲಿಯೇ ಸಂಜೆ ಗಾಂಧಿಬಜಾರಿನ ಮಸಾಲೆದೋಸೆಯನ್ನು ಚಪ್ಪರಿಸುತ್ತಿದ್ದೆವೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಈಗ ಆ ಹೆದರಿಕೆ ಬಹುಮಟ್ಟಿಗೆ ಹೋಗಿದೆ. ನಮ್ಮ ಬೀದಿಯಲ್ಲಿಯೇ ಕಂಪ್ಯೂಟರ್ ಕಂಪನಿಯ ಕೆಲಸವನ್ನು ಬಿಟ್ಟು ಸಾಬೂನು ಮಾಡುವ ಹುಡುಗನೊಬ್ಬನಿದ್ದಾನೆ. ಎರಡು ರಸ್ತೆಯ ಆಚೆ ರಾಗಿ ಬಿಸ್ಕತ್ತು ಮಾಡಿ ಮಾರುವ ದಂಪತಿಗಳಿದ್ದಾರೆ. ತಮಗೆ ಪ್ರಿಯವಾದ ಕೆಲಸವನ್ನೇ ಜೀವನೋಪಾಯ ಮಾಡಿಕೊಳ್ಳಬೇಕು, ತಾವು ನಂಬಿದ ಮೌಲ್ಯಗಳನ್ನು ಅದರಲ್ಲಿ ಉಳಿಸಿಕೊಳ್ಳಬೇಕು ಎಂದು ಇವರೆಲ್ಲರೂ ಹೇಳುತ್ತಾರೆ. ಕೇಳುವುದಕ್ಕೆ ಹಿತವಾದ ಮಾತು. ಆದರೆ ಮೌಲ್ಯವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಬೆಲೆಯೆಂಬ ಅರ್ಥವೂ ಉಂಟಷ್ಟೆ. ಆ ಬೆಲೆಯನ್ನು ಯಾರು ತೆರಬೇಕಾದೀತೆಂಬುದು ಅಂಗಡಿಯ ಪೂಜೆಯಾದ ದಿನ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಅದು ಗೊತ್ತಾದದ್ದು ನಾಲ್ಕನೆಯ ವರ್ಷದಲ್ಲಿ. ಆ ಸಂಗತಿಯನ್ನೇ ಈಗ ಬರೆಯಹೊರಟಿದ್ದೇವೆ.

ನಮ್ಮದು ಜಯನಗರದ ಒಂದು ಹಳೆಯ ಮನೆ. ಈ ಬಡಾವಣೆಗೆ ೧೯೪೮ರಲ್ಲಿ ಅಸ್ತಿಭಾರ ಬಿದ್ದ ಮೇಲೆ ಕ್ರಮವಾಗಿ ಎದ್ದ ಮನೆಗಳಂತೆಯೇ ಇದಕ್ಕೂ ಹಿಂದೆ ಒಂದಿಷ್ಟು ಬಯಲು, ಒಗೆಯುವ ಕಲ್ಲು, ತಗಡು ಹೊದಿಸಿದ ಒಂದು ಕೋಣೆ. ನಾವು ಕಚೇರಿಯ ಕೆಲಸದಿಂದ ನಿವೃತ್ತರಾದ ವರ್ಷ ಆ ಕೋಣೆಯಲ್ಲಿ ನಮ್ಮ ಮನೆಯಾಕೆ ಹುಳಿಪುಡಿಯ ವ್ಯಾಪಾರವನ್ನು ಆರಂಭಿಸಿದಳು. ಆರಂಭಿಸಿದಳೆಂದರೆ ಅದೇನೂ ಒಂದು ದಿನದಲ್ಲಿ ಆದುದಲ್ಲ. ನಮ್ಮ ತಾಯಿಯವರ ಕೈಯಳತೆಯ ಹುಳಿಪುಡಿಗೆ ನಂಟರಲ್ಲಿ ಹೆಸರಿತ್ತು. ಅವರು ಹೋದ ಮೇಲೆ ಆ ಅಳತೆ ಸೊಸೆಗೆ ಬಂದಿತು. ಊರಿಗೆ ಹೋಗುವವರು, ಹೊರದೇಶಕ್ಕೆ ಹೊರಟ ಮಕ್ಕಳ ತಾಯಂದಿರು ಬಂದು ಡಬ್ಬ ಕೊಟ್ಟುಹೋಗುತ್ತಿದ್ದರು. ಡಬ್ಬಗಳು ಹೆಚ್ಚಿ, ಪುಕ್ಕಟೆಯಾಗಿ ಕೊಡುವುದು ಕಷ್ಟವಾಗಿ, ದುಡ್ಡು ತೆಗೆದುಕೊಳ್ಳುವುದು ಸಂಕೋಚವಾಗಿ, ಕಡೆಗೆ ದುಡ್ಡು ತೆಗೆದುಕೊಳ್ಳುವುದೇ ಮರ್ಯಾದೆಯೆಂದು ಆಕೆ ತೀರ್ಮಾನಿಸಿದಳು. ಆಹಾರ ಸುರಕ್ಷತೆಯ ಕಾಯಿದೆಯಂತೆ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನೂ ತೂಕವನ್ನೂ ತಯಾರಾದ ದಿನಾಂಕವನ್ನೂ ಪೊಟ್ಟಣದ ಮೇಲೆ ಅಚ್ಚುಹಾಕಿಸಿದೆವು. ಪತ್ರವ್ಯವಹಾರವೂ ಲೆಕ್ಕಪತ್ರವೂ ನಮ್ಮ ಪಾಲಿಗೆ ಬಂದವು.

ಹುಳಿಪುಡಿಯೆಂದರೆ ಏನು ಮಹಾ ಎನ್ನುವವರಿಗಾಗಿ ಎರಡು ಮಾತು. ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಜೀರಿಗೆ, ಮೆಂತ್ಯ, ಮೆಣಸು, ಚಕ್ಕೆ, ಇಂಗು, ಕರಿಬೇವು, ಅರಿಸಿನ, ಒಣಮೆಣಸಿನಕಾಯಿ, ಇವು ಯಾರ ಮನೆಯಲ್ಲಿಯೂ ಇರುವ ಪದಾರ್ಥಗಳೇ. ಆದರೆ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಹದ. ಕಡಲೆಬೇಳೆ ನಿಧಾನವಾಗಿ ಕೆಂಪಗಾಗುವಷ್ಟರಲ್ಲಿ ಮೆಂತ್ಯ ಕರಿದಾಗಿ ಕಹಿಯಾಗಿರುತ್ತದೆ. ಜೀರಿಗೆಗೆ ಬಾಣಲೆಯ ಬಿಸಿಯೇ ಸಾಕು. ಆದುದರಿಂದ ಎಲ್ಲವನ್ನೂ ಬೇರೆಬೇರೆಯಾಗಿ ಹುರಿಯಬೇಕು. ಒಟ್ಟಿಗೆ ಸುರಿದು ಹುರಿದರೆ ಅರ್ಧ ಹೊತ್ತು ಉಳಿಯುವುದೇನೋ ನಿಜ, ಆದರೆ ಒಂದು ಹಸಿಯಾಗಿ ಇನ್ನೊಂದು ಸೀದಿರುವುದನ್ನು ಹುಳಿಯ ಪಾತ್ರೆ ಮುಚ್ಚಿಟ್ಟುಕೊಳ್ಳುವುದಿಲ್ಲ. ಹುರಿದುದನ್ನು ಚೆನ್ನಾಗಿ ಆರಿಸಿಯೇ ಮಿಲ್ಲಿಗೆ ಕಳುಹಿಸಬೇಕು, ಮಿಲ್ಲಿನಿಂದ ಬಂದ ಪುಡಿಯನ್ನು ಮತ್ತೆ ಹರಡಿ ಆರಿಸಬೇಕು. ಬಿಸಿಯಲ್ಲಿಯೇ ಪೊಟ್ಟಣ ಕಟ್ಟಿದರೆ ಒಳಗೆ ಬೆವರು ಕೂತು ಮುಗ್ಗುಲು ಬರುತ್ತದೆ. ಎಣ್ಣೆ ಹಾಕಿ ಹುರಿದರೆ ಪರಿಮಳ ಹೆಚ್ಚು, ಆದರೆ ಪುಡಿ ಬೇಗ ಕಮಟಾಗುತ್ತದೆ. ಆ ಪರಿಮಳ ಬೇಕೆನ್ನುವವರು ಎರಡು ತಿಂಗಳಿನೊಳಗೆ ಪುಡಿಯನ್ನು ಮುಗಿಸಬೇಕು. ನಮ್ಮ ತಾಯಿಯವರು ತಿಂಗಳಿಗೊಮ್ಮೆ ಪುಡಿ ಮಾಡುತ್ತಿದ್ದುದಕ್ಕೆ ಕಾರಣ ಇದೇ. ಅದು ಅವರ ಮಡಿಯೂ ಅಲ್ಲ, ಹಟವೂ ಅಲ್ಲ.

ಮೆಣಸಿನಕಾಯಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹುಳಿಗೆ ಕೆಂಪು ಬೇಕು, ನಾಲಗೆ ಉರಿಯಬಾರದು. ಈ ಎರಡನ್ನೂ ಒಟ್ಟಿಗೆ ಕೊಡುವುದು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿ. ಖಾರ ಕಡಮೆ, ಬಣ್ಣ ಗಾಢ, ಮೈಯೆಲ್ಲ ಸುಕ್ಕು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಅದರ ಬೆಲೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ೨೦೨೪ರ ಮಾರ್ಚಿಯಲ್ಲಿ ದರ ಬಿದ್ದುಹೋದುದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ದರ ಬಿದ್ದ ವರ್ಷ ನಮ್ಮಂಥವರಿಗೆ ಲಾಭ, ಬೆಳೆದವನಿಗೆ ಕಣ್ಣೀರು. ದರ ಏರಿದ ವರ್ಷ ಅಂಗಡಿಯವನು ಬೇರೆ ಜಾತಿಯ ಕಾಯಿಯನ್ನು ತೋರಿಸಿ, ‘ಪುಡಿಯಾದ ಮೇಲೆ ಯಾರಿಗೆ ಗೊತ್ತಾಗುತ್ತೆ ಸ್ವಾಮಿ?’ ಎನ್ನುತ್ತಾನೆ. ಗೊತ್ತಾಗುವುದಿಲ್ಲವೆಂಬ ಅವನ ಮಾತು ಬಹುಮಟ್ಟಿಗೆ ಸತ್ಯವೇ. ಕೆಂಪಿಗೆ ಬಣ್ಣವುಂಟು, ಖಾರಕ್ಕೆ ಬೇರೆ ಕಾಯಿ ಉಂಟು. ಪುಡಿಯ ವ್ಯಾಪಾರದಲ್ಲಿ ಮೋಸಕ್ಕೆ ಇರುವಷ್ಟು ಅನುಕೂಲ ಇಡಿಯ ಕಾಳಿನ ವ್ಯಾಪಾರದಲ್ಲಿ ಇಲ್ಲ. ಹಿರಿಯರ ಸಿದ್ಧಾಂತ ಹುಟ್ಟಿದ್ದು ಬಹುಶಃ ಇಂಥ ಕಡೆಯೇ.

ಮೆಣಸಿನಕಾಯಿ ಹುರಿಯುವ ದಿನ ನೆರೆಹೊರೆಯ ಸ್ನೇಹಕ್ಕೆ ಪರೀಕ್ಷೆ. ಘಾಟು ಗೋಡೆ ಹಾರಿ ಹೋಗುತ್ತದೆ. ಪಕ್ಕದ ಮನೆಯ ಹಿರಿಯರು ಏಳೆಂಟು ಸಲ ಸೀನಿ, ‘ಏನಮ್ಮ, ಇವತ್ತು ದೃಷ್ಟಿ ತೆಗೀತಾ ಇದೀರಾ?’ ಎಂದು ಕೇಳಿದ ಮೇಲೆ, ಆ ಕೆಲಸವನ್ನು ಅವರು ವಾಯುಸಂಚಾರಕ್ಕೆಂದು ಉದ್ಯಾನದ ಕಡೆ ಹೋಗುವ ಹೊತ್ತಿಗೆ ಮಾತ್ರ ಇಟ್ಟುಕೊಂಡೆವು. ಪ್ರತಿ ತಿಂಗಳೂ ಅವರ ಮನೆಗೆ ಕಾಲು ಕಿಲೋ ಪುಡಿ ಹೋಗುತ್ತದೆ. ಲೆಕ್ಕದಲ್ಲಿ ಅದನ್ನು ‘ಸೀನಿನ ಬಾಬ್ತು’ ಎಂದು ಬರೆದಿರುತ್ತೇವೆ.

ಕೆಲಸಕ್ಕೆ ಇಬ್ಬರು ಹೆಂಗಸರು ಬರುತ್ತಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರ ಕೆಲಸ. ಹಿರಿಯಾಕೆ ಬನಶಂಕರಿಯ ಕಡೆಯಿಂದ ಬರುವವರು, ಒಲೆಯ ಮುಂದೆ ಕೂತರೆ ಕಣ್ಣು ಮುಚ್ಚಿಕೊಂಡು ವಾಸನೆಯಿಂದಲೇ ಹದ ಹೇಳಬಲ್ಲರು. ಮೊದಲ ತಿಂಗಳಿನಿಂದಲೇ ನಮ್ಮ ಮನೆಯಾಕೆ ಒಂದು ಕಟ್ಟುಪಾಡು ಮಾಡಿದಳು. ಈ ಇಬ್ಬರ ಸಂಬಳದ ಕೆಳಗೆ ಮೂರನೆಯ ಸಾಲಿನಲ್ಲಿ ತನ್ನ ಸಂಬಳವನ್ನೂ ಬರೆಯಬೇಕು, ಬರೆದುದನ್ನು ತನಗೆ ಕೊಡಬೇಕು. ‘ಮನೆಯವರ ದುಡಿಮೆಗೆ ಸಂಬಳವೇ?’ ಎಂದು ನಾವು ನಗೆಯಾಡಿದುದಕ್ಕೆ, ‘ಅದನ್ನ ಬರೀದೆ ಹೋದ್ರೆ ಲಾಭ ಅಂತ ಕೆಳಗೆ ಬರೋದು ನನ್ನ ಬೆನ್ನುನೋವೇ ಅಲ್ವೇನ್ರಿ?’ ಎಂದಳು. ಮನೆಯಲ್ಲಿ ನಡೆಯುವ ಸಣ್ಣ ಉದ್ಯಮಗಳ ಲಾಭ ಎಷ್ಟೋ ಕಡೆ ಹೆಂಗಸರ ಲೆಕ್ಕವಿಲ್ಲದ ದುಡಿಮೆಯಲ್ಲದೆ ಬೇರೆಯಲ್ಲವೆಂಬುದನ್ನು ಅರ್ಥಶಾಸ್ತ್ರದ ಯಾವ ಗ್ರಂಥವೂ ನಮಗೆ ಇಷ್ಟು ಚುರುಕಾಗಿ ಹೇಳಿರಲಿಲ್ಲ.

ಹಾಗೆ ಬರೆದ ಲೆಕ್ಕ ಹೀಗಿತ್ತು. ಕಿಲೋ ಒಂದಕ್ಕೆ ಪದಾರ್ಥಗಳ ಬಾಬ್ತು ಸುಮಾರು ೩೦೦ ರೂಪಾಯಿ, ಮೂವರ ಸಂಬಳ ೧೫೦, ಗ್ಯಾಸು ಮಿಲ್ಲು ಪೊಟ್ಟಣಗಳಿಗೆ ೭೦. ಮಾರುತ್ತಿದ್ದುದು ೬೪೦ಕ್ಕೆ. ತಿಂಗಳಿಗೆ ಸುಮಾರು ೧೬೦ ಕಿಲೋ. ಉಳಿಯುವ ೧೨೦ ರೂಪಾಯಿಗಳಲ್ಲಿ ಹಾಳಾದುದು, ಬಾಕಿ ಬಾರದುದು, ಮುಂದಿನ ವರ್ಷದ ಮೆಣಸಿನಕಾಯಿಗೆ ಎತ್ತಿಡುವುದು ಎಲ್ಲವೂ ಸೇರಿತ್ತು. ಅಂಗಡಿಯ ಬಾಡಿಗೆ ಇಲ್ಲದುದರಿಂದ ನಡೆಯಿತೆನ್ನಬೇಕು. ಬಾಡಿಗೆ ಕೊಟ್ಟು ಇದನ್ನು ನಡೆಸುವವರ ಧೈರ್ಯಕ್ಕೆ ನಮ್ಮ ನಮಸ್ಕಾರ.

ನಾಲ್ಕನೆಯ ವರ್ಷದ ಶ್ರಾವಣದಲ್ಲಿ ದೊಡ್ಡದೊಂದು ಮಳಿಗೆಯ ಕಡೆಯಿಂದ ಒಬ್ಬರು ಬಂದರು. ಸಭ್ಯರು, ಮಾತು ಬಲ್ಲವರು. ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸಿ ಮೆಚ್ಚಿದರು. ತಿಂಗಳಿಗೆ ೫೦೦ ಕಿಲೋ ತೆಗೆದುಕೊಳ್ಳುತ್ತೇವೆಂದರು. ಕಿಲೋಗೆ ೪೨೦ ರೂಪಾಯಿ, ಹಣ ಬರುವುದು ಎರಡು ತಿಂಗಳ ಮೇಲೆ, ಪೊಟ್ಟಣದ ಮೇಲೆ ಅವರ ಹೆಸರು, ಪುಡಿ ಒಂದು ವರ್ಷ ಕೆಡದಿರಬೇಕು. ‘ನಿಮ್ಮ ಪಾಕ ಸ್ವಲ್ಪ ಹೊಂದಿಸಿಕೊಂಡರೆ ಈ ದರ ಕಷ್ಟವಾಗಲಾರದು’ ಎಂದು ಕಡೆಯಲ್ಲಿ ಮೆಲ್ಲಗೆ ಹೇಳಿದರು. ಹೊಂದಿಸಿಕೊಳ್ಳುವುದೆಂದರೆ ಏನೆಂಬುದು ನಮಗೂ ಗೊತ್ತು, ಅವರಿಗೂ ಗೊತ್ತು. ಬ್ಯಾಡಗಿಯ ಬದಲು ಅಗ್ಗದ ಕಾಯಿ, ಕೊತ್ತಂಬರಿ ಕಡಮೆಯಾಗಿ ಬೇಳೆ ಹೆಚ್ಚು, ಎಣ್ಣೆಯಿಲ್ಲದ ಹುರಿ, ಎಲ್ಲವೂ ಒಂದೇ ಬಾಣಲೆಗೆ. ಇವುಗಳಲ್ಲಿ ಯಾವುದೂ ಕಾನೂನಿಗೆ ವಿರುದ್ಧವಲ್ಲ, ತಿಂದವರಿಗೆ ಅಪಾಯವೂ ಇಲ್ಲ. ಅವರನ್ನು ದೂರುವುದಕ್ಕೆ ನಮಗೆ ಕಾರಣವಿಲ್ಲ. ಅವರ ವ್ಯಾಪಾರದ ಧರ್ಮ ಅದು.

ಬೇಡವೆಂದು ಅಲ್ಲಿಯೇ ಹೇಳಿಬಿಡುವುದು ಸುಲಭವೆಂದು ತೋರಬಹುದು. ಹಾಗಾಗಲಿಲ್ಲ. ಆ ಸಂಜೆ ಹಿರಿಯಾಕೆ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು, ‘ಅಮ್ಮಾ, ಐನೂರು ಕಿಲೋ ಅಂದ್ರೆ ಇನ್ನೂ ನಾಲ್ಕು ಜನಕ್ಕೆ ಕೆಲಸ ಆಗುತ್ತಲ್ವಾ? ನಮ್ಮ ತಂಗಿ ಮನೇಲೇ ಅವ್ಳೆ’ ಎಂದರು. ಬೇರೆ ಒತ್ತಾಯವೇನೂ ಮಾಡಲಿಲ್ಲ. ಆ ಒಂದು ಮಾತು ನಮ್ಮ ನಿದ್ರೆಯನ್ನು ಕೆಡಿಸಿತು. ನಾವು ನಮ್ಮ ಶುದ್ಧಿಯನ್ನು ಕಾಪಾಡಿಕೊಳ್ಳುವುದಕ್ಕಾಗಿ ನಾಲ್ಕು ಮನೆಗಳ ಕೂಳನ್ನು ತಪ್ಪಿಸುತ್ತಿದ್ದೇವೆಯೆ? ನಿವೃತ್ತಿವೇತನ ಬರುವವರ ಮನೆಯಲ್ಲಿ ಮೌಲ್ಯಗಳು ಹುಲುಸಾಗಿ ಬೆಳೆಯುತ್ತವೆ. ಬಾಡಿಗೆಯ ಮನೆಯಲ್ಲಿರುವವರ ಮುಂದೆ ಅವುಗಳನ್ನು ಹೇಗೆ ಮಂಡಿಸುವುದು? ‘ನೀವು ಲೆಕ್ಕ ಹಾಕಿ, ನಾನು ಯೋಚನೆ ಮಾಡ್ತೀನಿ’ ಎಂದು ಮನೆಯಾಕೆ ದೀಪವಾರಿಸಿದಳು.

ಉತ್ತರ ಕೊಡುವುದಕ್ಕೆ ಹದಿನೈದು ದಿನಗಳಿದ್ದವು. ಅಷ್ಟರಲ್ಲಿ ನಮ್ಮ ಮಾತೆಲ್ಲವೂ ಈ ದಕ್ಷಿಣ ಬೆಂಗಳೂರಿನಲ್ಲಿ ನಮಗಿಂತ ಮೊದಲು ಅಡುಗೆಯನ್ನೇ ನಂಬಿ ಬದುಕಿದವರ ಸುತ್ತಲೇ ತಿರುಗಿತು. ಮೊದಲು ನೆನಪಿಗೆ ಬಂದವರು ಗಾಂಧಿಬಜಾರಿನ ಸುಬ್ಬಮ್ಮನವರು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ಹಪ್ಪಳ ಮೊದಲಾದುವನ್ನು ಕೈಯಾರೆ ಮಾಡಿ ಮನೆಮನೆಗೂ ಹೊತ್ತು ಮಾರಿ, ೧೯೪೮ರಲ್ಲಿ ಅಂಗಡಿಯನ್ನು ತೆರೆದ ತಾಯಿ. ಬೋರ್ಡಿನ ಮೇಲೆ ಶ್ರೀನಿವಾಸ ಕಾಂಡಿಮೆಂಟ್ಸ್ ಎಂದಿದ್ದರೂ ಜನ ಅದನ್ನು ಇಂದಿಗೂ ಸುಬ್ಬಮ್ಮನಂಗಡಿಯೆಂದೇ ಕರೆಯುತ್ತಾರೆ. ಆಕೆಗೆ ಇದು ಅಭಿರುಚಿಯ ಪ್ರಶ್ನೆಯಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು. ಆದರೂ ಮಾಡಿದ ಪದಾರ್ಥ ಚೆನ್ನಾಗಿರಬೇಕೆಂಬ ಛಲ ಹೊಟ್ಟೆಪಾಡಿನೊಡನೆ ಹೊಂದಿಕೊಂಡು ನಡೆಯಿತು. ಆಕೆಯ ಕಥೆಯಿಂದ ನಮಗೆ ಧೈರ್ಯ ಬಂದಿತೇ ಹೊರತು ಉತ್ತರ ಬರಲಿಲ್ಲ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿಗಳಂಥ ನಾಲ್ಕೈದು ಪದಾರ್ಥಗಳು ಬಿಟ್ಟರೆ ಬೇರೆಯಿಲ್ಲ. ಇಡ್ಲಿಗೆ ಸಾಂಬಾರೂ ಇಲ್ಲ, ಚಟ್ನಿ ಮಾತ್ರ. ಕೇಳಿದವರಿಗೆ ಇಲ್ಲವೆನ್ನುವುದಕ್ಕೂ ಒಂದು ಬಗೆಯ ಎದೆಗಾರಿಕೆ ಬೇಕು. ೧೯೪೩ರ ಸುಮಾರಿನಲ್ಲಿ ಸಾಲಿಗ್ರಾಮದ ಕಡೆಯ ಉರಾಳ ಸೋದರರು ವಿದ್ಯಾರ್ಥಿಗಳಿಗೆಂದು ತೆರೆದ ವಿದ್ಯಾರ್ಥಿ ಭವನವು ೧೯೭೦ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂದ ಮೇಲೆಯೂ ಬಹುಕಾಲ ಅದೇ ಒಂದು ಕಟ್ಟಡದಲ್ಲಿಯೇ ಇದ್ದು, ಬಾಗಿಲಲ್ಲಿ ಜನ ಕಾಯುತ್ತಿದ್ದರೂ ಶುಕ್ರವಾರದ ರಜೆಯನ್ನು ಬಿಡಲಿಲ್ಲ. ಇವರೆಲ್ಲರೂ ಸಣ್ಣದಾಗಿಯೇ ಇರುವುದನ್ನು ಆರಿಸಿಕೊಂಡು ಗೆದ್ದವರು. ಆದರೆ ಹಿರಿಯಾಕೆಯ ತಂಗಿಯ ಪ್ರಶ್ನೆಗೆ ಸಣ್ಣದಾಗಿರುವುದು ಉತ್ತರವೆ?

ನಿಜವಾಗಿ ನಮಗೆ ದಾರಿ ತೋರಿದುದು ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫನ್ ರೂಮ್ಸಿನ ಚರಿತ್ರೆ. ಅದರ ಮಸಾಲೆದೋಸೆಯನ್ನು ಹೊಗಳಿದವರು ಬಹಳ, ಅದರ ೧೯೭೫ನೆಯ ಇಸವಿಯನ್ನು ನೆನೆಯುವವರು ಕಡಮೆ. ಉಡುಪಿಯ ಕಡೆಯ ಪರಂಪಳ್ಳಿಯಿಂದ ಅಡುಗೆಯ ಕೆಲಸ ಹುಡುಕಿಕೊಂಡು ಬಂದ ಮಯ್ಯ ಸೋದರರು ೧೯೨೪ರಲ್ಲಿ ಬ್ರಾಹ್ಮಿನ್ಸ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಅದನ್ನು ತೆರೆದರು. ಅವರಲ್ಲಿ ಯಜ್ಞನಾರಾಯಣ ಮಯ್ಯರಿಗೆ ಶುಚಿಯ ವಿಷಯದಲ್ಲಿ ಗೀಳೆನ್ನಬಹುದಾದಷ್ಟು ಅಕ್ಕರೆ. ೧೯೫೧ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳು ನಡೆಯುವ ರೀತಿಯನ್ನು ನೋಡಿ ಬಂದರು. ದೋಸೆಯ ಹೋಟೆಲಿನವರೊಬ್ಬರು ಆ ಕಾಲದಲ್ಲಿ ಪಾತ್ರೆ ತೊಳೆಯುವ ಕ್ರಮವನ್ನು ನೋಡಲು ಕಡಲು ದಾಟಿದರೆಂದರೆ ಈಗಲೂ ಸೋಜಿಗವಾಗುತ್ತದೆ. ಬಂದವರು ಲೋಟ ತಟ್ಟೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಪದ್ಧತಿಯನ್ನು ತಂದರು. ೧೯೬೦ರಲ್ಲಿ ಹೊಸ ಕಟ್ಟಡವೂ ಈಗಿನ ಹೆಸರೂ ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಮೊದಲಿಗರೆಂದು ಆ ಮನೆಯವರು ಹೇಳುತ್ತಾರೆ. ಇದ್ದುದರಲ್ಲಿಯೇ ಒಳ್ಳೆಯದನ್ನು ಮಾಡಬೇಕೆಂಬ ಬುದ್ಧಿಗೆ ಅದೊಂದು ಸಾಕ್ಷಿ.

೧೯೭೫ರಲ್ಲಿ ತುರ್ತು ಪರಿಸ್ಥಿತಿ ಬಂದಿತು. ಹೋಟೆಲಿನ ತಿಂಡಿಗಳನ್ನು ಬಲು ಕಡಮೆಯ ದರಗಳಿಗೆ ಮಾರಬೇಕೆಂದು ಕಟ್ಟಳೆಯಾಯಿತು. ಬಡವನಿಗೆ ಅಗ್ಗದಲ್ಲಿ ತಿಂಡಿ ಸಿಕ್ಕಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ತುಪ್ಪದ ಬೆಲೆ ಕಟ್ಟಳೆಗೆ ತಕ್ಕಂತೆ ಇಳಿಯುವುದಿಲ್ಲ. ಹೋಟೆಲಿನವನ ಮುಂದೆ ಆಗ ಎರಡು ಸುಲಭದ ದಾರಿಗಳಿದ್ದವು. ದೋಸೆಯನ್ನು ತೆಳ್ಳಗೆ ಮಾಡಿ ತುಪ್ಪದ ಬದಲು ಬೇರೆಯದನ್ನು ಸವರುವುದೊಂದು. ಹಿಂದಿನ ಬಾಗಿಲಿನಲ್ಲಿ ಹಳೆಯ ದರಕ್ಕೆ ಮಾರುವುದು ಇನ್ನೊಂದು. ಮಯ್ಯರ ಹೋಟೆಲು ಎರಡನ್ನೂ ಮಾಡಲಿಲ್ಲ. ಅದೇ ತಿಂಡಿಯನ್ನು ಸರ್ಕಾರ ಹೇಳಿದ ದರಕ್ಕೇ ಮಾರಿ, ಆ ದಿನ ತಮಗಾದ ನಷ್ಟವೆಷ್ಟೆಂಬುದನ್ನು ಹಲಗೆಯ ಮೇಲೆ ಬರೆದು ಗಿರಾಕಿಗಳ ಕಣ್ಣಿಗೆ ಬೀಳುವಂತೆ ಇಟ್ಟಿತು. ಹೀಗೆ ಬಹಳ ದಿನ ನಡೆಯಲಾರದಷ್ಟೆ. ಕಡೆಗೆ ಹೋಟೆಲನ್ನು ಮುಚ್ಚಬೇಕಾಯಿತು. ಆಗ ಅಲ್ಲಿದ್ದ ಕೆಲಸಗಾರರ ಕೈಗೆ ಕೆಲಸ ಬೇಕಲ್ಲ! ಅಡುಗೆಮನೆಯಲ್ಲಿ ನಡೆಯುತ್ತಿದ್ದ ಮಸಾಲೆಪುಡಿ, ರವೆ ಇಡ್ಲಿಯ ಮಿಶ್ರಣ ಮೊದಲಾದುವನ್ನು ಪೊಟ್ಟಣ ಕಟ್ಟಿ ಅಂಗಡಿಯಲ್ಲಿ ಮಾರುವ ಉದ್ಯಮವನ್ನು ಅವರು ಬೆಳೆಸಿದುದು ಈ ಇಕ್ಕಟ್ಟಿನಿಂದಲೇ. ಅದು ಮುಂದೆ ಎಷ್ಟು ದೊಡ್ಡದಾಯಿತೆಂದರೆ, ೨೦೦೭ರಲ್ಲಿ ನಾರ್ವೆ ದೇಶದ ಆರ್ಕ್ಲಾ ಎಂಬ ಕಂಪನಿ ಆ ಪೊಟ್ಟಣದ ಉದ್ಯಮವನ್ನು ಕೊಂಡಿತು. ಹೋಟೆಲು ಮಾತ್ರ ಮನೆತನದವರಲ್ಲಿಯೇ ಉಳಿಯಿತು. ಮಾರಿದುದನ್ನು ಪತನವೆನ್ನುವವರುಂಟು, ನಮಗೆ ಹಾಗೆ ತೋರುವುದಿಲ್ಲ. ಯಾವುದನ್ನು ಕೊಡಬಹುದು, ಯಾವುದನ್ನು ಕೊಡಲಾಗದು ಎಂಬ ವಿಂಗಡಣೆ ಅವರಿಗೆ ಸ್ಪಷ್ಟವಾಗಿದ್ದಂತೆ ಕಾಣುತ್ತದೆ.

ಈ ಕಥೆಯಲ್ಲಿ ನಮಗೆ ನಾಟಿದುದು ಆ ಹಲಗೆ. ನಷ್ಟವನ್ನು ತಿಂಡಿಯೊಳಗೆ ಬಚ್ಚಿಡದೆ ಗೋಡೆಯ ಮೇಲೆ ಬರೆದ ಹಲಗೆ. ಮಳಿಗೆಯವರು ಕೇಳಿದ ದರಕ್ಕೆ ಪುಡಿ ಮಾಡಬಹುದು. ಆದರೆ ೫೨೦ ರೂಪಾಯಿ ಬೀಳುವ ಪುಡಿಯನ್ನು ೪೨೦ಕ್ಕೆ ಕೊಟ್ಟರೆ ನಡುವಣ ೧೦೦ ರೂಪಾಯಿಗಳನ್ನು ಎಲ್ಲೋ ಒಂದು ಕಡೆ ಬಚ್ಚಿಡಬೇಕಾಗುತ್ತದೆ. ಮೆಣಸಿನಕಾಯಿಯಲ್ಲಿ ಬಚ್ಚಿಡಬಹುದು, ಹುರಿಯುವ ಹೊತ್ತಿನಲ್ಲಿ ಬಚ್ಚಿಡಬಹುದು, ಇಲ್ಲವೆ ಆ ಆರು ಜನ ಹೆಂಗಸರ ಸಂಬಳದಲ್ಲಿ ಬಚ್ಚಿಡಬಹುದು. ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಇದನ್ನು ಮನೆಯಾಕೆ ಹಿರಿಯಾಕೆಗೇ ತೋರಿಸಿದಳು. ಅವರು ಅಕ್ಷರ ಬಲ್ಲವರು, ಲೆಕ್ಕವನ್ನಂತೂ ನಮಗಿಂತ ಬೇಗ ಮಾಡುವವರು. ಬೆರಳಿನಿಂದ ಸಾಲುಸಾಲಾಗಿ ಇಳಿದು ಬಂದು, ಸಂಬಳದ ಸಾಲಿನ ಮೇಲೆ ಬೆರಳಿಟ್ಟು, ‘ಇಲ್ಲೇ ಕಡಿಯೋದು ಅವ್ರು. ನಾಲ್ಕು ಜನ ಬರ್ತಾರೆ, ಎಲ್ಲಾರ್ಗೂ ಅರ್ಧ ಸಂಬಳ’ ಎಂದರು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರೂ ನಮ್ಮ ತಂಗಿ ಇದ್ದಾಳಲ್ಲ ಅಮ್ಮಾ’ ಎಂದರು.

ಮಳಿಗೆಯವರಿಗೆ ಒಲ್ಲೆವೆಂದು ಕಾಗದ ಬರೆದೆವು. ಅಲ್ಲಿಗೆ ಮುಗಿಯಿತೆಂದು ನಾವು ತಿಳಿದಿದ್ದರೂ ಮನೆಯಾಕೆ ಹಾಗೆ ತಿಳಿಯಲಿಲ್ಲ. ಬೇಡವೆಂದ ಮೇಲೆ ತಂಗಿಯ ಪ್ರಶ್ನೆ ಮಳಿಗೆಯವರದಾಗಿ ಉಳಿಯಲಿಲ್ಲ, ನಮ್ಮದಾಯಿತು ಎಂಬುದು ಆಕೆಯ ವಾದ. ಎರಡು ಕೆಲಸಗಳನ್ನು ಮಾಡಿದಳು. ಕಿಲೋ ೬೪೦ ಇದ್ದುದನ್ನು ೭೦೦ಕ್ಕೆ ಏರಿಸಿದಳು. ಏಕೆ ಏರಿಸಿದೆವು, ಯಾವುದಕ್ಕೆ ಎಷ್ಟು ಬೀಳುತ್ತದೆ ಎಂಬ ಲೆಕ್ಕವನ್ನು, ಸಂಬಳದ ಸಾಲೂ ಸೇರಿದಂತೆ, ಒಂದು ಚೀಟಿಯಲ್ಲಿ ಅಚ್ಚುಹಾಕಿಸಿ ಪ್ರತಿ ಪೊಟ್ಟಣದೊಳಗೂ ಇಡಿಸಿದಳು. ವ್ಯಾಪಾರಿಗಳು ಗುಟ್ಟಾಗಿಡುವುದನ್ನು ಊರಿಗೆಲ್ಲ ಸಾರುವುದೇ ಎಂದು ನಮ್ಮ ಭಾವಮೈದುನರು ತಲೆ ಚಚ್ಚಿಕೊಂಡರು. ಎರಡನೆಯದಾಗಿ, ಹಳೆಯ ಗಿರಾಕಿಗಳಲ್ಲಿ ಪ್ರತಿ ತಿಂಗಳೂ ಇಂತಿಷ್ಟು ಬೇಕೆಂದು ಮುಂಗಡವಾಗಿ ಹೇಳುವವರ ಪಟ್ಟಿಯೊಂದನ್ನು ತಯಾರಿಸಿ, ಅವರ ಮನೆಗೆ ಗೊತ್ತಾದ ದಿನದಲ್ಲಿ ಪುಡಿಯನ್ನು ಮುಟ್ಟಿಸುವ ಏರ್ಪಾಡು ಮಾಡಿದಳು. ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳಿಗೆ ಒಂದೊಂದು ವಾರ. ಎಷ್ಟು ಮಾಡಬೇಕೆಂಬುದು ಮೊದಲೇ ತಿಳಿದುದರಿಂದ ಹಳೆಯ ಪುಡಿ ಉಳಿಯುವುದು ತಪ್ಪಿತು. ಹೀಗೆ ಮುಟ್ಟಿಸಿ ಬರುವ ಕೆಲಸ ತಂಗಿಯದಾಯಿತು.

ಇದರಿಂದ ಎಲ್ಲವೂ ಸುಸೂತ್ರವಾಯಿತೆಂದು ಬರೆದರೆ ಸುಳ್ಳಾದೀತು. ದರ ಏರಿಸಿದ ಮೊದಲ ಮೂರು ತಿಂಗಳು ಮಾರಾಟ ೧೬೦ ಕಿಲೋದಿಂದ ೧೧೦ಕ್ಕೆ ಇಳಿಯಿತು. ಬಹುಕಾಲದ ಗಿರಾಕಿಯೊಬ್ಬರು ಚೀಟಿಯನ್ನು ಓದಿ, ‘ನಿಮ್ಮ ಕೆಲಸದವರ ಸಂಬಳವನ್ನು ನಾನೇಕೆ ಕೊಡಬೇಕು?’ ಎಂದು ಕೇಳಿದರು. ಕೊಡುವವರು ಮತ್ತಾರೆಂದು ಅವರಿಗೆ ಹೇಳುವ ಅವಕಾಶ ಸಿಕ್ಕಲಿಲ್ಲ, ಅವರು ಮತ್ತೆ ಬರಲಿಲ್ಲ. ಆ ಮೂರು ತಿಂಗಳು ಲೆಕ್ಕದ ಮೂರನೆಯ ಸಾಲಿನಲ್ಲಿ, ಎಂದರೆ ಮನೆಯಾಕೆಯ ಸಂಬಳದ ಮುಂದೆ, ‘ಬಾಕಿ’ ಎಂದು ಬರೆದೆವು. ಸಾಲನ್ನು ಹೊಡೆದುಹಾಕಲು ಆಕೆ ಒಪ್ಪಲಿಲ್ಲ. ಬಾಕಿಯೆಂದರೆ ಬಾಕಿ. ಹೊಸ ವರ್ಷದಲ್ಲಿ ಪಟ್ಟಿ ಬೆಳೆದು ಮಾರಾಟ ೧೯೦ ಕಿಲೋಕ್ಕೆ ಬಂದ ಮೇಲೆ ಅದು ತೀರಿತು. ನಾಲ್ವರಿಗೆ ಕೆಲಸ ಕೊಡಬಹುದಾಗಿದ್ದ ಕಡೆ ಒಬ್ಬಳಿಗೆ ಕೊಟ್ಟಿದ್ದೇವೆ. ಆ ಮೂವರು ಯಾರೆಂದು ನಮಗೆ ಗೊತ್ತಿಲ್ಲ, ಹಿರಿಯಾಕೆಗೆ ಗೊತ್ತಿದ್ದರೂ ಇದ್ದೀತು.

ಅಭಿರುಚಿಯ ಮಾತೆಂದರೆ, ಅದು ಇಷ್ಟು ವರ್ಷಗಳಲ್ಲಿ ಕಡಮೆಯಾಗಿದೆಯೇ ಹೆಚ್ಚಾಗಿದೆಯೇ ಎಂದು ಮನೆಯಾಕೆಯನ್ನು ಕೇಳಿದೆವು. ದಿನವೂ ಎಂಟು ಕಿಲೋ ಹುರಿಯುವಾಗ ಅಭಿರುಚಿ ಇರುವುದಿಲ್ಲ, ತೋಳು ನೋಯುತ್ತದೆ ಎಂದಳು. ಆದರೆ ಮಿಲ್ಲಿನಿಂದ ಬಂದ ಪುಡಿಯನ್ನು ಬಟ್ಟೆಯ ಮೇಲೆ ಹರಡಿದಾಗ ಅದರ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದುಕೊಳ್ಳುವುದನ್ನು ಆಕೆ ಒಂದು ದಿನವೂ ತಪ್ಪಿಸಿದುದನ್ನು ನಾವು ಕಂಡಿಲ್ಲ. ಮೆಂತ್ಯದ ಹದದ ವಿಷಯದಲ್ಲಿ ಈಗ ಹಿರಿಯಾಕೆಗೂ ಆಕೆಗೂ ವಾರಕ್ಕೊಮ್ಮೆ ಜಗಳ. ಒಂದು ಸುತ್ತು ಮೊದಲೇ ಇಳಿಸಬೇಕೆಂದು ಹಿರಿಯಾಕೆ, ನಮ್ಮ ಅತ್ತೆಯವರು ಹೀಗೇ ಮಾಡುತ್ತಿದ್ದರೆಂದು ಮನೆಯಾಕೆ. ಕಳೆದ ತಿಂಗಳು ಹಿರಿಯಾಕೆಯ ಹದದಲ್ಲಿ ಹುರಿದ ಎಂಟು ಕಿಲೋ ಪುಡಿ ಹೋಯಿತು. ಗಿರಾಕಿಗಳಲ್ಲಿ ಯಾರೂ ದೂರಲಿಲ್ಲ, ಇಬ್ಬರು ಹೊಗಳಿದರು. ಮನೆಯಾಕೆ ಈ ವಿಷಯದಲ್ಲಿ ಇನ್ನೂ ಮೌನ.

ಮಾಘಮಾಸ ಹತ್ತಿರ ಬರುತ್ತಿದೆ. ಬ್ಯಾಡಗಿಯಲ್ಲಿ ಹೊಸ ಕಾಯಿ ರಾಶಿ ಬೀಳುವ ಕಾಲ. ವರ್ಷಕ್ಕೆ ಬೇಕಾದುದನ್ನು ಈಗಲೇ ತೆಗೆದಿಟ್ಟರೆ ದರದ ಏರಿಳಿತದ ಭಯವಿಲ್ಲ, ಆದರೆ ಎತ್ತಿಟ್ಟ ದುಡ್ಡೆಲ್ಲವೂ ಮೂಟೆಗಳಲ್ಲಿ ಕೂತುಬಿಡುತ್ತದೆ. ಅರ್ಧ ವರ್ಷಕ್ಕಾಗುವಷ್ಟು ಸಾಕೆಂದು ನಾವು, ಇಡಿಯ ವರ್ಷಕ್ಕಾಗುವಷ್ಟು ಬೇಕೆಂದು ಮನೆಯಾಕೆ. ಬೆಳೆದವರಿಂದಲೇ ನೇರವಾಗಿ ಕೊಂಡರೆ ಹೇಗೆಂದು ತಂಗಿ ಕೇಳಿದ್ದಾಳೆ. ಮುಂದಿನ ಸೋಮವಾರದ ರೈಲಿಗೆ ಆಕೆಯೂ ಮನೆಯಾಕೆಯೂ ಹಾವೇರಿಗೆ ಹೊರಡುತ್ತಾರೆ. ಚೀಟಿ ಕಾಯ್ದಿರಿಸಿದ್ದೇವೆ.